ಗುನುಗು ನಿಂತಾಗ

ಶಸ್ತ್ರಕ್ರಿಯೆ ನಡೆಯುತ್ತಿತ್ತು. ಅರಿವಳಿಕೆ ಕೊಟ್ಟ ಡಾಕ್ಟರಮ್ಮ ಇದ್ದಕ್ಕಿದ್ದಂತೆ ತನಗೆ ಬೆನ್ನು ತಿರುಗಿಸಿದ್ದು ಕಂಡು, ರೋಗಿಯ ನಾಡಿ, ರಕ್ತದೊತ್ತಡ ತೋರಿಸುವ ಹೊಸ ಮಾನಿಟರಿಗೆ ಮೈಯೆಲ್ಲ ಉರಿಯಿತು.

"ನನ್ನ ಅಂಕಿಗಳೆಲ್ಲ ಸರಿಯಾಗಿವೆ. ಇವರು ಬೇರೆಲ್ಲೋ ಯಾಕೆ ನೋಡುತ್ತಾರೆ?"

ಅವರ ಕೊರಳಲ್ಲಿದ್ದ ಹಳೆಯ ಸ್ಟೆತಸ್ಕೋಪು ಹೇಳಿತು: "ಹಾಡು ಗುನುಗುತ್ತಿದ್ದ ಸರ್ಜನ್ ಸುಮ್ಮನಾದರಲ್ಲ, ಗಮನಿಸಿದೆಯಾ? ಗಾಯದಿಂದ ರಕ್ತ ಹೀರುವ ಆ ಬಾಟಲಿಯನ್ನೂ ನೋಡು."

ಬಾಟಲಿ ಸರಸರನೆ ತುಂಬುತ್ತಿತ್ತು. ಡಾಕ್ಟರಮ್ಮ ಆಗಲೇ ರಕ್ತದ ಚೀಲ ತೂಗುಹಾಕಿದ್ದರು. ಮಾನಿಟರಿನ ಅಂಕಿಗಳು ಕುಸಿದದ್ದು ಆಮೇಲೆ. ಅದು ಗಾಬರಿಯಿಂದ ಕಿರುಚುವ ಹೊತ್ತಿಗೆ ರೋಗಿಯ ಮೈಗೆ ರಕ್ತ ಇಳಿಯುತ್ತಿತ್ತು. ಅಂಕಿಗಳು ಮೆಲ್ಲನೆ ಮೇಲೇರಿದವು.

"ಅಜ್ಜಾ, ನನ್ನ ಕಣ್ಣು ತೆರೆಸಿದಿರಿ. ಈ ಉಪಕಾರ ಮರೆಯಲಾರೆ."

"ಹೌದಾ? ಹಾಗಾದರೆ ಬಾಟಲಿ ಈಗ ಹೇಗಿದೆ, ಹೇಳು."

"ತುಂಬುವುದು ನಿಂತಿದೆ, ಅಜ್ಜಾ. ಸರ್ಜನ್ ಮತ್ತೆ ಗುನುಗುತ್ತಿದ್ದಾರೆ."