ನಗುವ ರಕ್ಕಸನ ಹಚ್ಚೆ

“ಯಾವ ಚಿತ್ರಕ್ಕಾದರೂ ಕಣ್ಣು ಹಾಕಿಸ್ತೀಯ. ಮುಖವಾಡದ ಹಚ್ಚೆಗೆ ಮಾತ್ರ ಹಾಕಬೇಡ ಅಂತೀಯಲ್ಲಜ್ಜಿ, ಯಾಕೆ?”

ಹಚ್ಚೆ ಕಲಿಯಲು ಬಂದಿದ್ದ ಚಂದ್ರಿ ಸೂಜಿ ಹಿಡಿದುಕೊಂಡೇ ಕೇಳಿದಳು. ಈರಮ್ಮಜ್ಜಿಯ ಮುಖ ಅರಳಿತು.

“ಸೂಜಿ ಕೆಳಗಿಡೇ, ಕಾಲು ಮಡಿಚಿ ಕೂತ್ಕೋ. ಹೂಂಗುಟ್ಟೋದು ಮರೀಬೇಡ, ಮರೆತರೆ ಕತೆ ಅಲ್ಲೇ ನಿಲ್ತದೆ,” ಎಂದು ಶುರು ಮಾಡಿದಳು.

ಒಂದು ಮೇಳದಲ್ಲಿ ಒಬ್ಬ ವೇಷಗಾರನಿದ್ದ. ಊರೂರು ತಿರುಗಿ ಹಗಲಿನಲ್ಲೇ ಬೀದಿಯಲ್ಲಿ ಆಡುವವರ ಮೇಳ ಅದು. ದಿನಕ್ಕೊಂದು ವೇಷ. ಇವತ್ತಿನ ರಕ್ಕಸ ನಾಳೆಗೆ ರಾಜ, ನಾಡಿದ್ದು ಮೊಸರು ಮಾರುವವಳು. ಹೊತ್ತು ಮುಳುಗುವುದರೊಳಗೆ ಮುಖವಾಡ ಬಿಚ್ಚಿ, ಬಣ್ಣ ತೊಳೆದು, ಆಮೇಲೆಯೇ ಅನ್ನ ಮುಟ್ಟಬೇಕು. ವೇಷ ಬದಲಿಸಲಾರದವನಿಗೆ ಮೇಳದಲ್ಲಿ ಜಾಗವಿಲ್ಲ. ಇದು ಕಟ್ಟಳೆ.

ಈ ವೇಷಗಾರ ನಗುವ ರಕ್ಕಸನ ಮುಖವಾಡ ಕಟ್ಟಿದನೆಂದರೆ ಬೀದಿಗೆ ಬೀದಿಯೇ ಎದ್ದು ಬರುತ್ತಿತ್ತು! ಅಂಜಿಕೆ ಬಿಡಲಿ ಎಂದು ತಾಯಂದಿರು ಮಕ್ಕಳನ್ನು ತಂದು ಅವನ ಕೈಗೆ ಕೊಡುತ್ತಿದ್ದರು. ಸಂಜೆ ಮುಖ ತೊಳೆದುಕೊಂಡು ಅದೇ ಮನೆಯ ಮುಂದೆ ನೀರು ಕೇಳಿದರೆ, “ಯಾವೂರಪ್ಪ ನಿಂದು?” ಎನ್ನುತ್ತಿದ್ದರು. ಆ ಮಾತು ಅವನಿಗೆ ಮುಳ್ಳಾಗಿ ನಾಟಿತು. ಬಿಚ್ಚುವುದರಿಂದ ತಾನೇ ಮರೆಯುತ್ತಾರೆ? ಬಿಚ್ಚಲು ಬಾರದ ಹಾಗೆ ಮಾಡಿಕೊಂಡರೆ?

ಒಬ್ಬ ಹಚ್ಚೆಯವಳ ಬಳಿಗೆ ಓಡಿದ. ಎದೆ ತೆರೆದು ಕೂತ.

“ರಕ್ಕಸನನ್ನು ಹಾಕು. ಧೈರ್ಯಕ್ಕೆ ಕೋರೆಹಲ್ಲು. ಯಾರೂ ಹಂಗಿಸದ ಹಾಗೆ ಕಿವಿಯವರೆಗೂ ನಗುವ ಬಾಯಿ. ಕೆಟ್ಟ ದೃಷ್ಟಿ ತಾಗದ ಹಾಗೆ ಹಣೆಯಲ್ಲಿ ಉರಿ.”

ಅವಳು ಎಲ್ಲವನ್ನೂ ಹಾಕಿದಳು. ಕಣ್ಣಿನ ಜಾಗ ಮಾತ್ರ ಬರೀ ಚರ್ಮ.

“ಕಣ್ಣೆಲ್ಲಿ?”

“ಮರದ ಮುಖವಾಡಕ್ಕೆ ಕಣ್ಣಿರುತ್ತದೇನೋ ಹುಚ್ಚಪ್ಪ? ಎರಡು ತೂತು. ಅಲ್ಲಿಂದ ನೋಡುವವನು ನೀನಲ್ಲವೇ?”

ಅದು ಅವನ ಕಿವಿಗೆ ಬೀಳಲಿಲ್ಲ. ಎದೆ ಉಬ್ಬಿಸಿಕೊಂಡು ಹೋದ. ನೀರು ಕೇಳಿದಲ್ಲೆಲ್ಲ ಈಗ ಮಜ್ಜಿಗೆ ಸಿಕ್ಕಿತು!

ಹೀಗಿರುವಾಗ ಅವನ ಪಾಲಿಗೆ ರಾಜನ ವೇಷ ಬಂತು. ರಾಜ್ಯ ಹೋಗಿ, ಮಗ ಸತ್ತು, ಸುಡುಗಾಡಿನಲ್ಲಿ ಬರೀ ಮೈಯಲ್ಲಿ ಅಳುವ ರಾಜ. ಎದೆಯ ಮೇಲೆ ರಕ್ಕಸನಿದ್ದಾನಲ್ಲ! ದಪ್ಪಗೆ ಬೂದಿ ಬಳಿದುಕೊಂಡು ಬೀದಿಗಿಳಿದ. ಹಾಡಿದ, ಗೋಳಿಟ್ಟ, ಜನ ಸೆರಗಿನಲ್ಲಿ ಕಣ್ಣೊರೆಸಿದರು. ಬಿಸಿಲು ಏರಿತು. ಬೆವರು ಇಳಿಯಿತು. ಬೂದಿ ತೊಳೆದುಹೋಗಿ ಮೊದಲು ಒಂದು ಕೋರೆಹಲ್ಲು ಬಂತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಬಾಯಿ! ಮೇಲೆ ರಾಜ ಅಳುತ್ತಾನೆ, ಕೆಳಗೆ ರಕ್ಕಸ ನಗುತ್ತಾನೆ. ಮೊದಲು ಕಿಸಕ್ಕೆಂದವನು ಸೀರೆಯುಟ್ಟು ರಾಣಿಯಾಗಿದ್ದ ಗಂಡಸೇ. ಆಮೇಲೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೇಳದ ಯಜಮಾನ ನಗಲಿಲ್ಲ. “ನಾಳೆ ಇದೇ ವೇಷ, ಇದೇ ಬೀದಿ. ನಾಳೆಯೂ ಜನ ನಕ್ಕರೆ ಗೆಜ್ಜೆ ಬಿಚ್ಚಿಟ್ಟು ಹೋಗು,” ಎಂದ.

ವೇಷಗಾರ ಎದ್ದೆನೋ ಬಿದ್ದೆನೋ ಎಂದು ಹಚ್ಚೆಯವಳ ಬಳಿಗೆ ಓಡಿದ. “ಅಳಿಸವ್ವ, ಕೈ ಮುಗಿತೀನಿ.”

“ಒಡವೆಯಾಗಿದ್ದರೆ ಬಿಚ್ಚಬಹುದು ಮಗಾ. ಹಚ್ಚೆ ಚಟ್ಟದವರೆಗೂ ಬರ್ತದೆ.” ಸ್ವಲ್ಪ ಹೊತ್ತು ಅವನ ಎದೆಯನ್ನೇ ನೋಡಿದಳು. “ರಕ್ಕಸನಾಗಿ ಕುಣಿಯುವಾಗ ಯಾವತ್ತಾದರೂ ಒಳಗೆ ಅತ್ತಿದ್ದೀಯಾ?”

ಅವನು ತಲೆ ತಗ್ಗಿಸಿದ. “ಅವ್ವ ಸತ್ತ ಸುದ್ದಿ ಬಂದ ದಿನ. ಜನ ಸೇರಿಬಿಟ್ಟಿದ್ದರು, ಕುಣಿದೆ. ತೂತಿನೊಳಗೆ ಅಳುತ್ತಿದ್ದೆ. ಯಾರಿಗೂ ಕಾಣಲಿಲ್ಲ.”

“ಈಗ ಕಾಣಲಿ,” ಎಂದು ಅವಳು ಸೂಜಿ ಅದ್ದಿದಳು. ಬರಿದಾಗಿದ್ದ ಆ ಕಣ್ಣುಗಳಿಂದ ನಗುವ ಬಾಯಿಯವರೆಗೆ ಕಣ್ಣೀರನ್ನು ಹನಿ ಹನಿಯಾಗಿ ಇಳಿಸಿದಳು. ಕಣ್ಣು ಮಾತ್ರ ಹಾಗೇ ಬಿಟ್ಟಳು.

ಮಾರನೆಯ ದಿನ ಅವನು ಬೂದಿ ಬಳಿಯಲಿಲ್ಲ. ಹಚ್ಚೆ ಊದಿತ್ತು, ಉರಿಯುತ್ತಿತ್ತು. ಹಾಗೇ ಬೀದಿಗಿಳಿದ. ನಗಲೆಂದೇ ಬಂದ ಜನ ಬಾಯಿ ತೆರೆದರು. ರಕ್ಕಸನ ಹಲ್ಲು ನೋಡಿದರು, ಹಲ್ಲಿನ ಮೇಲೆ ಇಳಿಯುತ್ತಿದ್ದ ನೀರು ನೋಡಿದರು. ತೆರೆದ ಬಾಯಿ ತೆರೆದಂತೆಯೇ ನಿಂತಿತು. ಆಗ ರಾಣಿ ಬಿಕ್ಕಿದಳು. ಪದ ಮರೆತು, ವೇಷ ಮರೆತು, ಗಂಡು ದನಿಯಲ್ಲಿ ಗೊಳೋ ಎಂದಳು. ಬೀದಿಯೂ ಅತ್ತಿತು.

ಆಮೇಲೆ ಏನಾಯಿತೆಂದರೆ, ಯಜಮಾನ ಮುದುಕನಾಗಿ ತನ್ನ ಗೆಜ್ಜೆಯನ್ನು ಆ ವೇಷಗಾರನ ಕಾಲಿಗೇ ಕಟ್ಟಿ ಕಣ್ಮುಚ್ಚಿದ. ರಾಣಿಯಾಗಿದ್ದವನು ಅಳುವ ಪಾತ್ರಕ್ಕೆ ಹೆಸರಾದ, ನಗುವುದನ್ನು ಮನೆಗೆ ಉಳಿಸಿಕೊಂಡ. ಮರದ ಮುಖವಾಡವನ್ನು ವೇಷಗಾರ ತಾನೇ ಬಿಚ್ಚಿ ಎಳೆಯರ ಮುಖಕ್ಕೆ ಕಟ್ಟಿದ. ಸಂಜೆ ಯಾರಾದರೂ “ಯಾವೂರಪ್ಪ?” ಎಂದರೆ ನಗುತ್ತಾ ಊರಿನ ಹೆಸರು ಹೇಳುತ್ತಿದ್ದ. ಅವನು ತೀರಿಕೊಂಡಾಗ ಉಂಗುರ ತೆಗೆದರು, ಉಡಿದಾರ ತೆಗೆದರು. ರಕ್ಕಸ ಜೊತೆಗೇ ಹೋದ. ಹಚ್ಚೆಯವಳು ತನ್ನ ಸೂಜಿಯನ್ನು ಮಗಳಿಗೆ ಕೊಟ್ಟಳು, ಆ ಮಗಳು ತನ್ನ ಮಗಳಿಗೆ.

ಈರಮ್ಮಜ್ಜಿ ನೆಲದ ಮೇಲಿದ್ದ ಆ ಸೂಜಿಯನ್ನು ಎತ್ತಿ ಚಂದ್ರಿಯ ಅಂಗೈಗಿಟ್ಟಳು.

“ಚುಚ್ಚಿದ್ದು ಮುಖವಾಡ ಕಣೇ, ಚುಚ್ಚದೇ ಬಿಟ್ಟ ಕಣ್ಣು ಮನುಷ್ಯಂದು.”

ಚಂದ್ರಿ ಹೂಂ ಎನ್ನುವುದನ್ನೂ ಮರೆತಳು.