ಸಾಕು ಅನ್ನುವ ತನಕ

ಮಟಮಟ ಮಧ್ಯಾಹ್ನ ಲಾರಿ ಡ್ರೈವರ್ ಒಬ್ಬ ದುಂಡವ್ವನ ಖಾನಾವಳಿಗೆ ಬಂದು ನಿಂತ. ನಾಲಗೆ ಅಂಗುಳಕ್ಕೆ ಅಂಟಿತ್ತು. ಮಾತು ಹೊರಡಲಿಲ್ಲ. ಹೆಬ್ಬೆರಳು ಎತ್ತಿ ಬಾಯಿಗೆ ತೋರಿಸಿದ.

‘ಏನ್ ಬೇಕ್ರಿ?’ ಎಂದ ದುಂಡವ್ವನ ಮಗ ಸಿದರಾಯ.

ಡ್ರೈವರ್ ಮತ್ತೆ ಹೆಬ್ಬೆರಳು ತೋರಿಸಿದ.

‘ಏನ್ ಬೇಕ್ರಿ?’

ಬಂದವರನ್ನು ಏನು ಬೇಕು ಎಂದು ಕೇಳು, ಅವರು ಹೇಳಿದ ಮೇಲೆ ಕೊಡು. ಹಾಗಂತ ಅವ್ವ ಬೆಳಿಗ್ಗೆ ಹೇಳಿದ್ದಳು. ಇವನು ಹೇಳುತ್ತಿಲ್ಲ. ಸಿದರಾಯ ಎಂಟು ಸಲ ಕೇಳಿದ. ಡ್ರೈವರ್ ಹೊರಗೆ ಹೋಗಿ, ತಟ್ಟೆ ತೊಳೆದ ಬಕೆಟ್ಟಿಗೆ ಬಾಯಿ ಹಾಕಿ ಕುಡಿದು, ಥೂ ಎಂದು ಉಗಿದು ಲಾರಿ ಹತ್ತಿದ.

ದುಂಡವ್ವ ಒಲೆಯ ಮುಂದಿನಿಂದ ಗೋಡೆ ಹಿಡಿದು ಎದ್ದು ಬಂದಳು. ಎದೆ ಸೋತಿದೆ, ಒಲೆ ಬಿಡು ಎಂದು ಡಾಕ್ಟರ್ ಹೇಳಿ ಆರು ತಿಂಗಳಾಗಿತ್ತು. ಬಿಟ್ಟರೆ ಮೂವತ್ತೆರಡು ವರ್ಷದ ಈ ಮಗನ ಹೊಟ್ಟೆ ಯಾರು ನೋಡಬೇಕು? ಸುತ್ತ ಹತ್ತು ಮೈಲಿ ಕಲ್ಲು, ಜಾಲಿ ಕಂಟಿ, ಬಿಸಿಲು.

‘ಎಲೋ ಹುಚ್ಚಾ! ಬಿಸಿಲಾಗಿಂದ ಬಂದಿದ್ದನಲ್ಲೋ! ಮೊದಲು ನೀರು! ಆಮ್ಯಾಲ ಮಾತು! ಬಂದವರಿಗೆಲ್ಲಾ ಮೊದಲು ನೀರು ಕೊಡು!’

‘ಹೂಂ ಅವ್ವಾ.’

‘ಒಬ್ಬ ಗಿರಾಕಿಗೆ, ಒಬ್ಬಗಾದ್ರೂ, ನೀ ಸರಿಯಾಗಿ ಉಣ್ಣಾಕ ಹಾಕಿದ್ದು ನೋಡಿ ಕಣ್ಣು ಮುಚ್ಚತೀನಿ.’

‘ಹೂಂ ಅವ್ವಾ.’

ಮರುದಿನ ಆಡು ಕಾಯುವ ಮಾಳಪ್ಪ ಬೆಂಕಿಪೊಟ್ಟಣ ಕೇಳಲು ಬಂದ. ಸಿದರಾಯ ಮೊದಲು ನೀರು ಕೊಟ್ಟ. ಮಾಳಪ್ಪನ ಹಿಂದೆ ಆಡುಗಳು ಬಂದವು. ಸಿದರಾಯ ಅವಕ್ಕೂ ಕೊಟ್ಟ.

‘ಏ, ಅವಕ್ಯಾಕೋ?’

‘ಬಂದಾವಲ್ಲ!’

‘ಹಂಗಾದ್ರ ಕುಡೀಲಿ ಬಿಡಪಾ. ನಂದೇನ್ ಹೋತು!’

ಮೂವತ್ತೇಳು ಆಡು. ಪೀಪಾಯಿಯ ತಳ ಕಂಡಿತು. ನೀರಿನ ಟ್ಯಾಂಕರ್ ಬರುವುದು ನಾಲ್ಕು ದಿನಕ್ಕೊಮ್ಮೆ. ಬಂದು ಹೋದದ್ದು ನಿನ್ನೆ. ಖಾನಾವಳಿ ಮೂರು ದಿನ ಬಾಗಿಲು ಹಾಕಿತು.

‘ಅಯ್ಯೋ ನನ್ನ ಹಣೆಬರವೇ! ಆಡು ಉಣ್ಣಾಕ ಬರತಾವೇನೋ? ಕುರ್ಚಿ ಮ್ಯಾಲ ಕುಂತವರಿಗೆ ಅಷ್ಟ ನೀರು! ಕುಂಡ್ರದವರಿಗೆ ಒಂದು ಹನಿ ಕೊಡಬ್ಯಾಡ! ತಿಳೀತೋ?’

‘ತಿಳೀತವ್ವಾ.’

ಟ್ಯಾಂಕರ್ ಬಂತು. ಬಾಗಿಲು ತೆರೆಯಿತು. ಬಸ್ಸಿನಿಂದ ಒಬ್ಬ ಮುದುಕಿ ಇಳಿದು ಬಂದಳು. ಹಳೇ ಕಾಲದವಳು, ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೆ ಕೂತಳು.

‘ತಮ್ಮಾ, ನೀರು ಕೊಡಪಾ.’

‘ಕುರ್ಚಿ ಮ್ಯಾಲ ಕುಂದ್ರು ಆಯೀ.’

‘ನನಗ ನೆಲಾನ ಹಿತ.’

‘ಕುರ್ಚಿ ಮ್ಯಾಲ ಕುಂದ್ರು ಆಯೀ!’

ಕೂರಲಿಲ್ಲ. ಸಿದರಾಯ ಜೋಳದ ಚೀಲ ಎತ್ತಿದಂತೆ ಅವಳನ್ನು ಎತ್ತಿ ಕುರ್ಚಿಗೆ ಕುಕ್ಕಿದ.

‘ಅಯ್ಯಯ್ಯೋ ನನ್ನ ಸೊಂಟ! ನಿನ್ನ ಕೈ ಸೇದಿಹೋಗ್ಲಿ!’

ನೀರು ಕೊಟ್ಟ. ಎರಡು ರೊಟ್ಟಿ ಹಾಕಿದ. ಮುದುಕಿ ಮೂರನೆಯದು ಕೇಳಿದಳು. ತಟ್ಟೆಗೆ ಎರಡು ರೊಟ್ಟಿ ಎಂದು ಅವ್ವ ಎಂದೋ ಹೇಳಿದ್ದಳು. ಸಿದರಾಯ ಕೊಡಲಿಲ್ಲ. ಮುದುಕಿ ಸೊಂಟ ಹಿಡಿದು, ಖಾನಾವಳಿಗೆ ಮಣ್ಣು ತೂರಿ ಹೋದಳು.

ದುಂಡವ್ವ ಹಣೆ ಹಣೆ ಬಡಿದುಕೊಂಡಳು. ‘ಯಾರನ್ನೂ ಮುಟ್ಟಬ್ಯಾಡೋ! ಅವರಾಗೇ ಕುಂಡ್ರೂತನಕ ಕಾಯಿ! ಕುಂತ ಮ್ಯಾಲ ನೀರು ಕೊಡು! ಇದು ಖಾನಾವಳಿ, ಎರಡು ರೊಟ್ಟಿಗೆ ಕೈ ತೊಳಿಯೂ ಜಾಗ ಅಲ್ಲ! ಬಾಯಿ ಬಿಟ್ಟು ಸಾಕು ಅನ್ನೂತನಕ ಹಾಕು! ಎಲ್ಲಿ, ಹೇಳು ನೋಡೂಣು.’

‘ಮುಟ್ಟಬಾರದು. ಕಾಯಬೇಕು. ಕುಂತ ಮ್ಯಾಲ ನೀರು. ಸಾಕು ಅನ್ನೂತನಕ ರೊಟ್ಟಿ.’

‘ಹಾಂ! ಇಷ್ಟು ನೆನಪಿಟ್ಟರ ನಾ ಗೆದ್ದೆ.’

ಸಿದರಾಯ ಅದನ್ನೇ ಹೇಳುತ್ತಾ ಮಲಗಿದ, ಅದನ್ನೇ ಹೇಳುತ್ತಾ ಎದ್ದ.

ಅಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ದುಂಡವ್ವ ಬುಟ್ಟಿ ತುಂಬ ರೊಟ್ಟಿ ತಟ್ಟಿ ಮುಗಿಸಿದಳು. ಏಳಲು ಗೋಡೆಗೆ ಕೈ ಚಾಚಿದಳು. ಗೋಡೆ ಸಿಗಲಿಲ್ಲ. ಎದೆ ಹಿಡಿದು ನೆಲಕ್ಕೆ ಬಿದ್ದಳು.

‘ಸಿದ್ಯಾ... ನೀರು...’

ಸಿದರಾಯ ಓಡಿದ. ಲೋಟ ತುಂಬಿಕೊಂಡು ಬಂದ. ನಿಂತ.

‘ಕುರ್ಚಿ ಮ್ಯಾಲ ಕುಂದ್ರವ್ವಾ.’

‘ನೀರು ಕೊಡೋ ಯಪ್ಪಾ...’

‘ಕುಂಡ್ರದವರಿಗೆ ಒಂದು ಹನಿ ಕೊಡಬ್ಯಾಡ ಅಂದಿದ್ದಿ.’

‘ಎತ್ತೋ... ನನ್ನ ಎತ್ತೋ...’

‘ಮುಟ್ಟಬ್ಯಾಡ ಅಂದಿದ್ದಿ. ಕಾಯತೀನವ್ವಾ. ನಿದಾನಕ ಏಳು.’

ದುಂಡವ್ವ ಮಗನ ಮುಖ ನೋಡಿದಳು. ಈ ಸಲ ಬಯ್ಯಲಿಲ್ಲ.

ಒಲೆಯಿಂದ ಕುರ್ಚಿಗೆ ಮೂರು ಮಾರು. ತೆವಳಿದಳು. ಸಿದರಾಯ ಪಕ್ಕದಲ್ಲೇ ನಡೆದ, ಲೋಟದ ನೀರು ಒಂದು ಹನಿ ಚೆಲ್ಲದಂತೆ. ಅವಳು ನಿಂತಾಗ ನಿಂತ. ತೆವಳಿದಾಗ ನಡೆದ. ಅವಳು ಕುರ್ಚಿಯ ಕಾಲು ಹಿಡಿದಳು. ಮೊಣಕಾಲೂರಿದಳು. ಎದ್ದು ಕೂತು ಗೋಡೆಗೆ ಒರಗಿದಳು.

‘ಹಾಂ!’ ಎಂದು ಸಿದರಾಯ ಹಿಗ್ಗಿ ಲೋಟವನ್ನು ಅವಳ ಮುಂದೆ ಮೇಜಿನ ಮೇಲಿಟ್ಟ.

ಅವಳ ಕೈ ಲೋಟದತ್ತ ಎದ್ದಿತು. ಅರ್ಧಕ್ಕೆ ಬಂದು ತೊಡೆಯ ಮೇಲೆ ಬಿತ್ತು.

ಸಿದರಾಯ ಕಾದ. ಆಮೇಲೆ ತಟ್ಟೆ ಇಟ್ಟ. ಕಾಳಿನ ಪಲ್ಯ ಹಾಕಿದ, ಕೆಂಪು ಖಾರ ಹಾಕಿದ, ಎರಡು ರೊಟ್ಟಿ ಹಾಕಿದ. ಒಂದೂ ತಪ್ಪಾಗಲಿಲ್ಲ. ಅವ್ವ ಕಣ್ಣು ಬಿಟ್ಟು ನೋಡುತ್ತಲೇ ಇದ್ದಳು. ಸಾಕು ಅನ್ನಲಿಲ್ಲ. ಇನ್ನೊಂದು ಹಾಕಿದ. ಸಾಕು ಅನ್ನಲಿಲ್ಲ. ಮತ್ತೊಂದು ಹಾಕಿದ.

ಐದು ಗಂಟೆಯ ಬಸ್ಸು ನಿಂತಿತು. ಕಂಡಕ್ಟರ್ ಒಳಗೆ ಬಂದವನು ಬಾಗಿಲಲ್ಲೇ ನಿಂತ. ದುಂಡವ್ವನ ಮುಂದೆ ರೊಟ್ಟಿಯ ರಾಶಿ ಅವಳ ಗದ್ದಕ್ಕೆ ಬಂದಿತ್ತು. ಬುಟ್ಟಿ ಬರಿದಾಗಿ, ಸಿದರಾಯ ಒಲೆಯ ಮುಂದೆ ಕೂತು ಸೊಟ್ಟಸೊಟ್ಟ ರೊಟ್ಟಿ ತಟ್ಟುತ್ತಿದ್ದ.

‘ಏನೋ ಸಿದ್ಯಾ ಇದು!’

‘ಸುಮ್ಮನಿರ್ರಿ. ಅವ್ವ ಇನ್ನೂ ಸಾಕು ಅಂದಿಲ್ಲ.’

ಕಂಡಕ್ಟರ್ ಹತ್ತಿರ ಹೋಗಿ ಅವಳ ಕಣ್ಣು ಮುಚ್ಚಿಸಿದ. ರೊಟ್ಟಿ ನಲವತ್ತೆರಡು ಇದ್ದವು. ನೀರಿನ ಲೋಟ ತುಂಬಿಯೇ ಇತ್ತು.