ಮೊಣಕೈಯ ಮುದಿ ಕಾವಲುಗಾರ

ಚರ್ಮರೋಗದ ವಿಜ್ಞಾನಿ ಮಂದಾಕಿನಿಯ ಮೊಣಕೈಯೊಳಗೆ ಒಂದು ಮುದಿ ಕಾವಲು ಜೀವಕಣವಿತ್ತು. ಅವಳು ಹುಡುಗಿಯಾಗಿದ್ದಾಗ ಅಲ್ಲಿ ಜಾಲಿಮುಳ್ಳು ಚುಚ್ಚಿ ಕೀವಾಗಿತ್ತು. ಅಂದು ಈ ಕಾವಲುಗಾರ ಕೂಗಿದ್ದಕ್ಕೇ ಮೈಯ ಸೈನಿಕರೆಲ್ಲ ಓಡಿಬಂದು ಶತ್ರುಗಳನ್ನು ಸದೆಬಡಿದಿದ್ದರು. ಈಗ ಮೈಕ್ರೋಸ್ಕೋಪಿನ ಮೇಜಿಗೆ ಮೊಣಕೈ ತಾಗಿದರೂ ಸಾಕು, "ಬಂದರು! ಬಂದರು!" ಎಂದು ಕೂಗುತ್ತಿದ್ದ. ಸೈನಿಕರು ಬಂದು ಬೆಂಕಿ ಹಚ್ಚುತ್ತಿದ್ದರು. ಮೊಣಕೈ ಕೆಂಪಾಗಿ ಹೊಟ್ಟು ಉದುರುತ್ತಿತ್ತು.

"ಅಜ್ಜ, ಇವತ್ತು ಯಾವ ಶತ್ರುವೂ ಬಂದಿಲ್ಲ. ಮೇಜು ತಾಗಿತು, ಅಷ್ಟೇ," ಎಂದಿತು ಆಗತಾನೇ ಹುಟ್ಟಿದ ಚರ್ಮದ ಕಣ.

"ಗೊತ್ತು ಮಗಾ."

"ಮತ್ತೆ ಯಾಕೆ ಕೂಗಿದಿರಿ?"

"ಕೂಗದಿದ್ದರೆ ಆ ಸೈನಿಕರು ಯಾಕೆ ಬಂದಾರು? ಅವತ್ತು ಎಷ್ಟು ಜನ ಸೇರಿದ್ದೆವು!"

"ಅವರು ಬಂದುಹೋದಾಗಲೆಲ್ಲ ಸುಡುವುದು ನನ್ನ ಮನೆ."



ಹೊರಗೆ ಮಂದಾಕಿನಿ ಸಹೋದ್ಯೋಗಿಗೆ ಹೇಳುತ್ತಿದ್ದಳು: "ಕಾವಲು ಕಣವನ್ನು ಕೊಲ್ಲುವ ಔಷಧಿ ಬೇಡ ಶಿವಲೀಲಾ. ನಾಳೆ ನಿಜವಾದ ಮುಳ್ಳು ಚುಚ್ಚಿದರೆ ಅದು ಬೇಕು. ಕೂಗು ನಿಂತರೆ ಸಾಕು." ಹೀಗೆನ್ನುತ್ತ ಮತ್ತೆ ಮೇಜಿಗೆ ಮೊಣಕೈ ಊರಿದಳು.

ಕಾವಲುಗಾರ ಬಾಯಿ ತೆರೆದ. ಚರ್ಮದ ಕಣ ತಟ್ಟನೆ ಕೇಳಿತು: "ಅಜ್ಜ, ಜಾಲಿಮುಳ್ಳು ಚುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಅವತ್ತು ಏನಾಯಿತು, ಹೇಳಿ."

ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಾಯಿಗೆ ಬಂದ ಕೂಗು ಅಲ್ಲೇ ನಿಂತಿತು.

"ಬೇಸಿಗೆ ರಜೆ ಮಗಾ," ಎಂದು ಮುದುಕ ಮೆಲ್ಲಗೆ ಶುರುಮಾಡಿದ. "ನಮ್ಮ ಹುಡುಗಿ ಬೇಲಿ ಹಾರುತ್ತಿದ್ದಳು..."